ಮೋಲ್ಡಿಂಗ್ ಸೆಕ್ಷನ್ನಿನ ಹದಿನಾಲ್ಕು ಡಬ್ಬಿ

ಸಂಕ್ರಾಂತಿ ಕಳೆದ ಶನಿವಾರ ಮಧ್ಯಾಹ್ನ ಎರಡು ಗಂಟೆಯಾದರೂ ದೀಪಶ್ರೀ ಊಟದ ಕ್ಯಾರಿಯರ್ ಬಿಚ್ಚಿರಲಿಲ್ಲ. ಶಿವಮೊಗ್ಗದ ದುರ್ಗಿಗುಡಿಯ ಒಂದು ರಕ್ತ, ಮೂತ್ರ ಪರೀಕ್ಷೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದ ಅವಳು ಇಂಥದ್ದನ್ನು ಎಂದೂ ಕಂಡಿರಲಿಲ್ಲ.

ಅವಳ ಸಹಾಯಕಿ ಲಿಖಿತಾ ಬೆಳಿಗ್ಗೆ ಭದ್ರಾವತಿಯ ಹೊರವಲಯದ ಒಂದು ಎರಕದ ಕಾರ್ಖಾನೆಗೆ ಹೋಗಿ, ನೂರ ಎಂಬತ್ತು ನೌಕರರ ಮೂತ್ರದ ಮಾದರಿಗಳನ್ನು ತಂದಿದ್ದಳು. ಕಂಪನಿಯವರು ಕೇಳಿದ್ದು ಎರಡೇ ಸಂಗತಿ. ಸಕ್ಕರೆ ಇದೆಯೇ, ತಂಬಾಕಿನ ಅಂಶ ಇದೆಯೇ. ತಂಬಾಕು ಸಿಕ್ಕಿದವರು ತಮ್ಮ ಮನೆಮಂದಿಯ ಆರೋಗ್ಯ ವಿಮೆಯ ಅರ್ಧ ಕಂತನ್ನು ಸಂಬಳದಿಂದ ಕೊಡಬೇಕು, ಸಿಗದವರದ್ದು ಪೂರ್ತಿ ಕಂಪನಿಯೇ ಕಟ್ಟುತ್ತದೆ. ಹೊಸ ಆರೋಗ್ಯ ಯೋಜನೆಯ ನಿಯಮ ಅದು.

ಮೊದಲು ನಗು ಬಂದಿತ್ತು. ಮೋಲ್ಡಿಂಗ್, ಅಂದರೆ ಮರಳಿನ ಅಚ್ಚು ಕಟ್ಟುವ ಸೆಕ್ಷನ್, ಎಂದು ಬರೆದಿದ್ದ ಹದಿನಾಲ್ಕು ಡಬ್ಬಿಗಳಲ್ಲಿ ಒಂದರಲ್ಲೂ ತಂಬಾಕಿನ ಗುರುತಿರಲಿಲ್ಲ.

"ಭದ್ರಾವತೀಲಿ ಹೊಗೆಸೊಪ್ಪು ಹಾಕದಿರೋ ಹದಿನಾಲ್ಕು ಗಂಡಸರು ಒಂದೇ ಶೆಡ್ಡಲ್ಲಿ ಸಿಕ್ಕಿದ್ರೆ ಅವರ ಫೋಟೋ ತೆಗ್ಸಿ ಗೋಡೆಗೆ ಹಾಕ್ಬೇಕು ಮೇಡಂ," ಎಂದಿದ್ದಳು ಲಿಖಿತಾ.

ಸಕ್ಕರೆ ನೋಡಲು ಅದ್ದುವ ಪಟ್ಟಿಯಲ್ಲಿ ಹತ್ತು ಪುಟ್ಟ ಚೌಕಗಳಿರುತ್ತವೆ. ಒಂದೊಂದು ಚೌಕ ಒಂದೊಂದು ಸಂಗತಿಗೆ. ಕಂಪನಿ ದುಡ್ಡು ಕೊಟ್ಟಿರುವುದು ಒಂದು ಚೌಕಕ್ಕೆ ಎಂದು ಉಳಿದವು ಬಣ್ಣ ತಿರುಗದೆ ಇರುವುದಿಲ್ಲ. ಆ ಸೆಕ್ಷನ್ನಿನ ಮೊದಲ ಡಬ್ಬಿಯಲ್ಲಿ ಪ್ರೋಟೀನಿನ ಚೌಕ ಹಳದಿಯಾಗಿ ಉಳಿಯುವ ಬದಲು ಕಡು ಹಸಿರಾಯಿತು. ರಕ್ತದ ಚೌಕವೂ ಹಾಗೆಯೇ ಆಯಿತು. ದೀಪಶ್ರೀ ಹೆಸರು ನೋಡಿದಳು, ಯಾರೋ ಶಿವಯೋಗಪ್ಪ, ವಯಸ್ಸು ಐವತ್ತೆರಡು. ಪಾಪ, ಈ ಮನುಷ್ಯನಿಗೆ ಫೋನ್ ಮಾಡಬೇಕು ಎಂದುಕೊಂಡು ಎರಡನೆಯದನ್ನು ತೆರೆದಳು. ಅದೂ ಕಡು ಹಸಿರು. ಮೂರನೆಯದೂ. ಹದಿನಾಲ್ಕನೆಯದರವರೆಗೂ ಹಾಗೆಯೇ ಬಂತು.

ಹೊಸ ಪಟ್ಟಿಗಳ ಬಾಟಲಿ ಒಡೆದು ಮತ್ತೆ ನೋಡಿದಳು. ತನ್ನದೇ ಮಾದರಿಯನ್ನು ಪಕ್ಕದಲ್ಲಿಟ್ಟು ನೋಡಿದಳು, ಅದು ಹಳದಿಯಾಗಿಯೇ ಇತ್ತು. ಬೇರೆ ಸೆಕ್ಷನ್ನುಗಳವು ಸರಿಯಾಗಿದ್ದವು. ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಇಟ್ಟಳು. ಕೆಂಪು ರಕ್ತಕಣಗಳು ಅಚ್ಚಿನಲ್ಲಿ ಒತ್ತಿದ ಹಾಗೆ ಕೊಳವೆಯಾಕಾರದಲ್ಲಿ ಅಂಟಿಕೊಂಡಿದ್ದವು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವಾಗ ಅದನ್ನು ಚಿತ್ರದಲ್ಲಿ ನೋಡಿದ್ದಳು, ಇಲ್ಲಿ ಐದಾರು ಸಲ ಕಣ್ಣಾರೆ ಕಂಡಿದ್ದಳು. ಕಿಡ್ನಿಯ ಸೋಸುವ ಭಾಗವೇ ಉರಿಯುತ್ತಿದ್ದರೆ ಮಾತ್ರ ಕಾಣುವಂಥದ್ದು. ಬಿಟ್ಟರೆ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಕಿಡ್ನಿ ಕೈಕೊಡುತ್ತದೆ. ಬೇಗ ಹಿಡಿದರೆ ಉಳಿಸಿಕೊಳ್ಳಬಹುದು.

ಹದಿನಾಲ್ಕು ಜನ. ಅವಳ ತಲೆಯಲ್ಲಿ ಮೊದಲು ಓಡಿದ್ದು ವಿಷದ ಯೋಚನೆ. ಎರಕದ ಮರಳಿನ ದೂಳು, ಸೀಸ, ಅಚ್ಚಿಗೆ ಬೆರೆಸುವ ಅಂಟು. ಒಂದು ಶೆಡ್ಡಿನ ಅಷ್ಟೂ ಜನರನ್ನು ಒಟ್ಟಿಗೆ ಹಿಡಿದಿರುವುದು ಏನಿರಬಹುದು? ಯಾರಿಗೆ ಮೊದಲು ಹೇಳಬೇಕು? ಪೊಲೀಸಿಗಾ, ಆರೋಗ್ಯ ಇಲಾಖೆಗಾ?

ಕಾಗದ ತೆಗೆದು ಅಂಕಿಗಳನ್ನು ಸಾಲಾಗಿ ಬರೆದಾಗಲೇ ಅವಳಿಗೆ ಬೇರೊಂದು ಕಾಣಿಸಿದ್ದು. ಹದಿನಾಲ್ಕರಲ್ಲೂ ಆಮ್ಲೀಯತೆ ಒಂದೇ. ಸಾಂದ್ರತೆ ಮೂರನೆಯ ದಶಮಾಂಶದವರೆಗೂ ಒಂದೇ. ಒಂದೇ ತಟ್ಟೆಯಲ್ಲಿ ಉಂಡ ಅವಳಿ ಮಕ್ಕಳದ್ದೂ ಹಾಗೆ ಬರುವುದಿಲ್ಲ.

"ಲಿಖಿತಾ, ಈ ಡಬ್ಬಿಗಳನ್ನ ಇಸ್ಕೊಂಡಾಗ ಏನಾದ್ರೂ ವಿಚಿತ್ರ ಅನ್ನಿಸ್ತಾ?"

ಲಿಖಿತಾ ಯೋಚಿಸಿದಳು. "ತಣ್ಣಗಿದ್ವು ಮೇಡಂ. ಉಳಿದವರದ್ದೆಲ್ಲ ಬೆಚ್ಚಗಿರುತ್ತಲ್ಲ, ಆಗತಾನೆ ತುಂಬಿದ್ದು. ಚಳಿಗೇನೋ ಅಂದ್ಕೊಂಡೆ."

ದೀಪಶ್ರೀ ಲೆಕ್ಕ ಹಾಕಿದಳು. ಒಂದೊಂದು ಡಬ್ಬಿಯಲ್ಲಿ ಮೂವತ್ತು ಮಿಲಿಲೀಟರ್. ಹದಿನಾಲ್ಕಕ್ಕೆ ನಾನೂರ ಇಪ್ಪತ್ತು. ರಾತ್ರಿಯಿಡೀ ಮಲಗಿ ಎದ್ದ ಒಬ್ಬ ಮನುಷ್ಯ ಬೆಳಿಗ್ಗೆ ಒಂದೇ ಸಲಕ್ಕೆ ಕೊಡಬಹುದಾದಷ್ಟು. ಹದಿಮೂರು ಜನ ತಂಬಾಕು ಮುಚ್ಚಿಡಲು ಒಬ್ಬನ ಮೂತ್ರವನ್ನು ಹಂಚಿಕೊಂಡಿದ್ದಾರೆ. ವಿಷದ ಭಯ ಇಳಿಯಿತು. ಆದರೆ ಅದು ಇಳಿದ ಜಾಗದಲ್ಲೇ ಇನ್ನೊಂದು ಬಂದು ಕೂತಿತು. ಇವರಲ್ಲಿ ಒಬ್ಬ, ಎಲ್ಲರಿಗಿಂತ ಗಟ್ಟಿ ಎಂದು ಉಳಿದವರು ಆರಿಸಿಕೊಂಡ ಒಬ್ಬ, ತನಗೇ ಗೊತ್ತಿಲ್ಲದೆ ಕಿಡ್ನಿ ಕಳೆದುಕೊಳ್ಳುತ್ತಿದ್ದಾನೆ. ಅವನು ಯಾರೆಂದು ಈ ಡಬ್ಬಿಗಳು ಹೇಳುವುದಿಲ್ಲ.

ಕಂಪನಿಯ ಎಚ್ಆರ್ ಮ್ಯಾನೇಜರ್ ಮನೋಹರನಿಗೆ ಫೋನ್ ಮಾಡಿದಳು.

"ಮೇಡಂ, ನಾವು ಕೇಳಿದ್ದು ಎರಡು ಕಾಲಂ," ಎಂದ ಅವನು. "ನೀವು ಹತ್ತು ಓದ್ತಿದೀರಿ."

"ಹತ್ತೂ ಕಣ್ಣಿಗೆ ಕಾಣುತ್ತಲ್ಲ ಸರ್. ಒಂದು ನೋಡಿ ಒಂಬತ್ತಕ್ಕೆ ಕಣ್ಣು ಮುಚ್ಚೋಕಾಗಲ್ಲ."

"ಅಂದ್ರೆ ನಮ್ಮ ಹದಿನಾಲ್ಕು ಜನಕ್ಕೂ ಕಿಡ್ನಿ ಕಾಯಿಲೆ?"

"ಹದಿನಾಲ್ಕು ಜನಕ್ಕಲ್ಲ, ಒಬ್ಬರಿಗೆ. ಯಾರಿಗೆ ಅಂತ ಗೊತ್ತಿಲ್ಲ."

ಅವಳು ಎಲ್ಲವನ್ನೂ ವಿವರಿಸಿದಳು. ಆಮೇಲೆ ಮನೋಹರ ನಿಟ್ಟುಸಿರು ಬಿಟ್ಟ. "ನೋಡಿ, ನನ್ನನ್ನ ಕಟುಕ ಅಂದ್ಕೋಬೇಡಿ. ಹೋದ ವರ್ಷ ನಮ್ಮ ಪ್ರೀಮಿಯಂ ಒಂದೂವರೆ ಪಟ್ಟಾಯ್ತು. ನೌಕರರ ಅಪ್ಪ ಅಮ್ಮಂದಿರನ್ನ ಪಾಲಿಸಿಯಿಂದ ತೆಗೀರಿ ಅಂದ್ರು ಮಾಲೀಕರು. ಬೇಡ ಸರ್, ಬದಲಿಗೆ ಜನ ಆರೋಗ್ಯವಾಗಿರೋ ಹಾಗೆ ಏನಾದ್ರೂ ಮಾಡ್ತೀನಿ ಅಂತ ಈ ಯೋಜನೆ ತಂದೆ. ಆ ಮುದುಕರು ಇವತ್ತೂ ಪಾಲಿಸಿಯಲ್ಲಿದ್ದಾರೆ."

"ಸೋಮವಾರ ಬಂದು ಮತ್ತೆ ಮಾದರಿ ತಗೋತೀನಿ. ನನ್ನೆದುರಿಗೇ."

"ಬನ್ನಿ," ಎಂದ ಮನೋಹರ. "ಆದ್ರೆ ಗಲಾಟೆ ಆಗದ ಹಾಗೆ."

ಸೋಮವಾರ ಬೆಳಿಗ್ಗೆ ಅವಳು ವಿನೋಬನಗರದ ಮನೆಯಿಂದ ಹೊರಟು, ಬಸ್ಸು ಹಿಡಿದು, ಒಂಬತ್ತೂವರೆಗೆ ಕಾರ್ಖಾನೆಯ ಗೇಟಿಗೆ ಬಂದಿಳಿದಳು. ಗೇಟಿನ ಒಳಗೆ ಒಂದು ದೊಡ್ಡ ಹಲಗೆ ಇತ್ತು. ಅಪಘಾತವಿಲ್ಲದ ದಿನಗಳನ್ನು ಬರೆಯುವ ಇಂಥ ಹಲಗೆಗಳನ್ನು ಅವಳು ಬೇರೆ ಕಾರ್ಖಾನೆಗಳಲ್ಲೂ ನೋಡಿದ್ದಳು. ಇಲ್ಲಿ ಅದರ ಕೆಳಗೆ ಹೊಸದಾಗಿ ಇನ್ನೊಂದು ಸಾಲು ಸೇರಿತ್ತು. "ವಿಮೆ ಕ್ಲೇಮ್ ಇಲ್ಲದ ದಿನಗಳು." ಪ್ರತಿ ಸೆಕ್ಷನ್ನಿನ ಮುಂದೆ ಒಂದು ಸಂಖ್ಯೆ. ಫಿನಿಷಿಂಗ್ ನಲವತ್ತೊಂದು, ಮೆಲ್ಟಿಂಗ್ ಹದಿನೆಂಟು, ಮೋಲ್ಡಿಂಗ್ ಇನ್ನೂರ ತೊಂಬತ್ತಮೂರು.

"ಇದೇನು ಸರ್?" ಎಂದು, ಗೇಟಿಗೆ ಬಂದಿದ್ದ ಮನೋಹರನನ್ನು ಕೇಳಿದಳು.

"ವರ್ಷಪೂರ್ತಿ ಒಂದೂ ಆಸ್ಪತ್ರೆ ಕ್ಲೇಮ್ ಮಾಡದ ಸೆಕ್ಷನ್ನಿಗೆ ಮಾರ್ಚ್ ಕೊನೆಗೆ ಒಂದು ತಿಂಗಳ ಬೇಸಿಕ್ ಸಂಬಳ ಹೆಚ್ಚಿಗೆ," ಎಂದ ಮನೋಹರ. ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಮೋಲ್ಡಿಂಗ್‌ನವರು ಗೆಲ್ಲೋ ಹಂಗಿದಾರೆ. ಗಟ್ಟಿ ಜನ."

ಟೀ ಹೊತ್ತಿಗೆ ಹದಿನಾಲ್ಕು ಜನರೂ ಮರಳಿನ ರಾಶಿಯ ಪಕ್ಕ ಸೇರಿದರು. ದೀಪಶ್ರೀ ಕೇಳಿಕೊಂಡಿದ್ದಕ್ಕೆ ಮನೋಹರ ಆಫೀಸಿನಲ್ಲೇ ಉಳಿದಿದ್ದ. ಅವಳು ಸುತ್ತುಬಳಸದೆ ಹೇಳಿದಳು. ಯಾರು ಏನು ಜಗಿಯುತ್ತಾರೆಂದು ತಾನು ಕೇಳಲು ಬಂದಿಲ್ಲ. ಹದಿನಾಲ್ಕು ಡಬ್ಬಿಯಲ್ಲೂ ಒಬ್ಬರದೇ ಮೂತ್ರ ಇತ್ತು ಎಂಬುದು ತನಗೆ ಗೊತ್ತು. ಅದು ಯಾರದ್ದೋ ಅವರಿಗೆ ಕಿಡ್ನಿಯ ತೊಂದರೆ ಇದೆ, ಇವತ್ತೇ ಆಸ್ಪತ್ರೆಗೆ ಹೋಗಬೇಕು.

ಸೆಕ್ಷನ್ನಿನ ಹಿರಿಯ, ಬಿಳಿ ಮೀಸೆಯ ಶಿವಯೋಗಪ್ಪ ಗಂಟಲು ಸರಿ ಮಾಡಿಕೊಂಡ.

"ಮೇಡಂ, ನಾವೆಲ್ಲ ಒಂದೇ ಕ್ಯಾಂಟೀನಲ್ಲಿ ಉಣ್ತೀವಿ, ಒಂದೇ ನಲ್ಲಿ ನೀರು ಕುಡೀತೀವಿ. ಒಂದೇ ಥರ ಬಂದ್ರೆ ನಮ್ದೇನು ತಪ್ಪು?"

ಹಿಂದೆ ನಿಂತವರು ಮುಸಿಮುಸಿ ನಕ್ಕರು.

"ಹಾಗಾದ್ರೆ ನಿಮ್ಮ ಹದಿನಾಲ್ಕು ಜನಕ್ಕೂ ಕಿಡ್ನಿ ಹೋಗ್ತಿದೆ ಅಂತ ಬರೀಲಾ ಶಿವಯೋಗಪ್ಪನೋರೇ? ಬೇಡ ಅಂದ್ರೆ ಆ ಒಬ್ಬರು ಯಾರು ಅಂತ ಹೇಳಿ. ನನಗೆ ಆ ಮನುಷ್ಯ ಬೇಕು, ಬೇರೇನೂ ಬೇಡ. ಮೂತ್ರದಲ್ಲಿ ನೊರೆ ಬರುತ್ತಾ, ಸಂಜೆ ಕಾಲು ಊದಿಕೊಳ್ಳುತ್ತಾ, ಬೆಳಿಗ್ಗೆ ಕಣ್ಣ ಕೆಳಗೆ ದಪ್ಪ ಆಗುತ್ತಾ? ಆತನಿಗೆ ಹೆಚ್ಚು ದಿನ ಇಲ್ಲ."

ನಗು ನಿಂತಿತು. ಯಾರೂ ಹೆಸರು ಹೇಳಲಿಲ್ಲ, ಆದರೆ ಹದಿಮೂರು ಜೊತೆ ಕಣ್ಣುಗಳು ತಮಗೇ ಗೊತ್ತಿಲ್ಲದೆ ಒಂದೇ ಕಡೆಗೆ ಹೋದವು. ಅಲ್ಲಿ ನಿಂತಿದ್ದವನು ನಲವತ್ತರ ಆಸುಪಾಸಿನ, ಕಟ್ಟುಮಸ್ತಾದ ಗಡ್ಡದ ಮನುಷ್ಯ. ಹೆಸರು ಮುಸ್ತಕೀಮ್. ಆ ಸೆಕ್ಷನ್ನಿನಲ್ಲಿ ಎಲೆ ಅಡಿಕೆಯ ಚೀಲ ಕೈಯಿಂದ ಕೈಗೆ ದಾಟುವಾಗ ತಾನೊಬ್ಬನೇ ಜೇಬಿನಿಂದ ಸೋಂಪಿನ ಪೊಟ್ಟಣ ತೆಗೆಯುವವನು ಅವನೇ ಎಂದು ಆಮೇಲೆ ತಿಳಿಯಿತು.

ಶಿವಯೋಗಪ್ಪನ ಮುಖ ಬಿಳಿಚಿಕೊಂಡಿತ್ತು. "ಸಾಬ್ರೇ, ನಿಮಗೇನೂ ಆಗಿಲ್ಲ ಅಲ್ವಾ? ಹೇಳ್ರಿ ಮಾರಾಯ್ರೇ. ನಾನೇ ಕಣ್ರೀ ಮೇಡಂ, ನಾನೇ ಇವ್ರನ್ನ ಕೇಳಿದ್ದು. ಬೈಯೋದಿದ್ರೆ ನಂಗೆ ಬೈರಿ."

"ಈಗಲೇ ನೋಡೋಣ," ಎಂದು ದೀಪಶ್ರೀ ಒಂದು ಖಾಲಿ ಡಬ್ಬಿ ಕೊಟ್ಟಳು. ಮುಸ್ತಕೀಮ್ ಅದನ್ನು ತೆಗೆದುಕೊಂಡು ಶೆಡ್ಡಿನ ಹಿಂದಿನ ಶೌಚಾಲಯಕ್ಕೆ ಹೋದ. ಹಿಂತಿರುಗಿ ಬಂದು ಕೊಟ್ಟ ಡಬ್ಬಿ ಬೆಚ್ಚಗಿತ್ತು. ಅವಳು ಪಟ್ಟಿ ಅದ್ದಿ ವಾಚು ನೋಡಿದಳು. ಮೂವತ್ತು ಸೆಕೆಂಡ್. ಅರವತ್ತು. ಪ್ರೋಟೀನಿನ ಚೌಕ ಹಳದಿಯಾಗಿಯೇ ಉಳಿಯಿತು. ರಕ್ತದ ಚೌಕವೂ ಹಳದಿ. ಇನ್ನೊಂದು ಪಟ್ಟಿ ಅದ್ದಿದಳು. ಅದೂ ಹಳದಿ.

"ಏನೂ ಇಲ್ಲ," ಎಂದಳು. ಆ ಮಾತು ಅವಳಿಗೇ ನಂಬಿಕೆಯಾಗಲಿಲ್ಲ.

ಶಿವಯೋಗಪ್ಪ ಮುಸ್ತಕೀಮನ ಬೆನ್ನಿಗೆ ಎರಡು ಸಲ ಗುದ್ದಿದ. ಯಾರೋ ಜೋರಾಗಿ ನಕ್ಕರು. "ಲ್ಯಾಬಿನೋರ ಮಿಷಿನ್ನಿಗೇ ಕಿಡ್ನಿ ಹೋಗಿದೆ ಮಾರಾಯ," ಎಂದ ಒಬ್ಬ. ಮುಸ್ತಕೀಮ್ ನಗಲಿಲ್ಲ. ಅವನು ನಿಧಾನವಾಗಿ ಹಿಂದಕ್ಕೆ ಸರಿದು ಕಬ್ಬಿಣದ ಅಚ್ಚಿನ ಚೌಕಟ್ಟಿನ ಮೇಲೆ ಕೂತ. ಎರಡು ಅಂಗೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ.

ದೀಪಶ್ರೀ ಅವನ ಪಕ್ಕ ಹೋಗಿ ಕುಕ್ಕರುಗಾಲಲ್ಲಿ ಕೂತಳು.

"ಮುಸ್ತಕೀಮ್ ಅವರೇ, ಶನಿವಾರ ಕೊಟ್ಟಿದ್ದು ನಿಮ್ಮದಲ್ಲ ಅಲ್ವಾ?"

ಅವನು ಅಲ್ಲ ಎಂದು ತಲೆ ಆಡಿಸಿದ. ಉಳಿದವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ. "ನಾನೂ ಹೊಗೆಸೊಪ್ಪು ಹಾಕ್ತೀನಿ ಮೇಡಂ. ಕೆಲಸ ಬಿಟ್ಟು ಹೋಗುವಾಗ ದಾರೀಲಿ. ಏಳು ವರ್ಷ ಆಯ್ತು. ಇವರ್ಯಾರಿಗೂ ಗೊತ್ತಿಲ್ಲ. ಶಿವಯೋಗಪ್ಪಣ್ಣ ಬಂದು, ಸಾಬ್ರೇ, ನಮ್ಮಲ್ಲಿ ಶುದ್ಧ ಇರೋರು ನೀವೊಬ್ರೇ, ನಮ್ಮ ಮರ್ಯಾದೆ ಉಳಿಸಿ ಅಂದ್ರು. ಎಲ್ರೆದುರಿಗೆ. ಹೆಂಗೆ ಇಲ್ಲ ಅನ್ನಲಿ?"

"ಹಾಗಾದ್ರೆ ಯಾರದ್ದು?"

"ಮನೆಯವಳದ್ದು."

ದೀಪಶ್ರೀಗೆ ಹಿಂದಿನ ಎರಡು ದಿನಗಳು ಒಮ್ಮೆಲೇ ಕಣ್ಣ ಮುಂದೆ ಬಂದವು. ಸೂಕ್ಷ್ಮದರ್ಶಕದಲ್ಲಿ ಅಗಲವಾದ ಚಪ್ಪಟೆ ಕೋಶಗಳು ಗಂಡಸರ ಮಾದರಿಯಲ್ಲಿ ಇರಬಾರದಷ್ಟು ಇದ್ದವು. ಅವಳು ಅದನ್ನು ನೋಡಿದ್ದಳು, ಟಿಪ್ಪಣಿಯಲ್ಲಿ ಬರೆದೂ ಇದ್ದಳು. ಡಬ್ಬಿಯ ಮೇಲೆ ಗಂಡಸರ ಹೆಸರಿದ್ದದ್ದರಿಂದ ಅದರ ಅರ್ಥ ಕೇಳಿಕೊಂಡಿರಲಿಲ್ಲ. ಎರಡು ದಿನ ಅವಳು ಹುಡುಕಿದ್ದು ಈ ಕಾರ್ಖಾನೆಯಲ್ಲಿ ಇಲ್ಲವೇ ಇಲ್ಲದ ಒಬ್ಬರನ್ನು.

ಮನೋಹರನಿಗೆ ಅರ್ಧ ದಿನದ ರಜೆ ಎಂದಷ್ಟೇ ಹೇಳಿ ಮುಸ್ತಕೀಮ್ ಸ್ಕೂಟರ್ ತೆಗೆದ, ದೀಪಶ್ರೀ ಹಿಂದೆ ಕೂತಳು. ಅನ್ವರ್ ಕಾಲೋನಿಯ ಗಲ್ಲಿಯೊಂದರಲ್ಲಿ, ಹಸಿರು ಬಣ್ಣದ ಬಾಗಿಲಿನ ಎರಡು ಕೋಣೆಯ ಮನೆ. ದಾರಿಯುದ್ದಕ್ಕೂ ಅವನು ಮಾತಾಡಿದ್ದು ಒಂದೇ ಸಲ. "ಅವಳಿಗೇನೂ ಇಲ್ಲ ಮೇಡಂ. ಬೆಳಿಗ್ಗೆ ಐದಕ್ಕೆ ಏಳ್ತಾಳೆ. ಒಂದು ದಿನ ಮಲಗಿದೋಳಲ್ಲ."

ಬಾಗಿಲು ತೆರೆದ ಹೆಂಗಸಿಗೆ ಮೂವತ್ತನಾಲ್ಕು ಮೂವತ್ತೈದು ಇರಬಹುದು. ದುಪಟ್ಟಾ ಸರಿಮಾಡಿಕೊಂಡು ಗಂಡನ ಮುಖ ನೋಡಿದಳು, ಆಮೇಲೆ ದೀಪಶ್ರೀಯ ಹೆಗಲಲ್ಲಿದ್ದ ಲ್ಯಾಬಿನ ಬ್ಯಾಗು ನೋಡಿದಳು. ಅವಳ ಮುಖ ಅರಳಿತು.

"ಲ್ಯಾಬಿನೋರಾ? ಬನ್ನಿ ಬನ್ನಿ. ನನ್ನ ರಿಪೋರ್ಟ್ ಬಂತಾ ಮೇಡಂ?"

ದೀಪಶ್ರೀ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಶನಿವಾರದಿಂದ ಕಾಯ್ತಿದೀನಿ," ಎಂದಳು ಮುಸ್ತಕೀಮನ ಹೆಂಡತಿ ಮುಸರ್ರತ್. "ಕಂಪನೀಲಿ ಹೆಂಗಸರದ್ದೂ ಫ್ರೀ ಟೆಸ್ಟ್ ಮಾಡ್ತಾರೆ, ಒಂದು ಬಾಟ್ಲಿ ತುಂಬಿ ಕೊಡು ಅಂದ್ರು ಇವ್ರು. ಇಷ್ಟೊಂದು ಯಾಕೆ ಅಂತ ಕೇಳ್ದೆ. ತುಂಬ ಟೆಸ್ಟ್ ಇವೆ ಅಂದ್ರು. ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ. ಆಸ್ಪತ್ರೆಗೆ ಹೋಗ್ದೇನೇ ಏನಿದೆ ಅಂತ ಗೊತ್ತಾಗುತ್ತಲ್ಲ."

ಮುಸ್ತಕೀಮ್ ಚಪ್ಪಲಿ ಬಿಡಲು ಬಗ್ಗಿದವನು ಹಾಗೆಯೇ ಇದ್ದ.

ಒಳಗೆ ಚಾಪೆಯ ಮೇಲೆ ಕೂತಾಗ ದೀಪಶ್ರೀ ಅವಳ ಮುಖವನ್ನು ಸರಿಯಾಗಿ ನೋಡಿದಳು. ಕಣ್ಣಿನ ಕೆಳಗೆ ಊತವಿತ್ತು. ಎರಡೂ ಕೆನ್ನೆಯ ಮೇಲೆ, ಮೂಗಿನ ಅಡ್ಡಕ್ಕೆ, ಬಿಸಿಲಿಗೆ ಸುಟ್ಟ ಹಾಗೆ ಕೆಂಪು. "ಕಾಲು ನೋಡಬಹುದಾ?" ಎಂದಳು. ಮುಸರ್ರತ್ ಸಲ್ವಾರಿನ ಅಂಚನ್ನು ಸ್ವಲ್ಪ ಎತ್ತಿದಳು. ದೀಪಶ್ರೀ ಹೆಬ್ಬೆರಳಿನಿಂದ ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಒತ್ತಿ ಬಿಟ್ಟಳು. ಹಿಟ್ಟಿನ ಮುದ್ದೆಯ ಮೇಲೆ ಒತ್ತಿದ ಹಾಗೆ ಅಲ್ಲಿ ಒಂದು ಗುಳಿ ಬಿತ್ತು, ಬಿದ್ದದ್ದು ಹಾಗೇ ಉಳಿಯಿತು.

ಮುಸ್ತಕೀಮ್ ಆ ಗುಳಿಯನ್ನೇ ನೋಡುತ್ತಿದ್ದ. "ಇದು ಯಾವಾಗಿಂದ?"

"ಮೀಲಾದ್ ಆದ್ಮೇಲಿಂದ," ಎಂದಳು ಅವಳು, ಯಾವ ಅಳುಕೂ ಇಲ್ಲದೆ. "ಮೊದಲು ಬೆರಳಿನ ಗಂಟು ನೋಯ್ತಿತ್ತು. ಆಮೇಲೆ ಕಾಲು. ತಲೆಕೂದಲೂ ಉದುರ್ತಿದೆ."

"ನಾಲ್ಕು ತಿಂಗಳು. ನಂಗೆ ಹೇಳಲಿಲ್ಲ ನೀನು."

"ಹೇಳಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರಿ. ಕರ್ಕೊಂಡು ಹೋದ್ರೆ ಅಡ್ಮಿಟ್ ಅಂತಿದ್ರು. ಆಮೇಲೆ ಕ್ಲೇಮ್." ಅವಳು ದೀಪಶ್ರೀಯ ಕಡೆ ತಿರುಗಿ, ಇದು ಎಲ್ಲರಿಗೂ ಗೊತ್ತಿರುವ ವಿಷಯ ಎನ್ನುವಂತೆ ಹೇಳಿದಳು. "ಇವರೇ ಬಂದು ಹೇಳಿದ್ರು ಮೇಡಂ, ಮಾರ್ಚ್ ಮೂವತ್ತೊಂದರ ತನಕ ನಮ್ಮ ಸೆಕ್ಷನ್ನಿಂದ ಯಾರೂ ಆಸ್ಪತ್ರೆ ಬಿಲ್ಲು ಹಾಕಬಾರ್ದು ಅಂತ. ಒಬ್ಬರು ಹಾಕಿದ್ರೂ ಹದಿನಾಲ್ಕು ಮನೆಯ ಬಹುಮಾನ ಹೋಗುತ್ತೆ. ನನ್ನಿಂದ ಹೋಯ್ತು ಅಂತ ಆಗಬಾರ್ದಲ್ಲ. ಇನ್ನೇನು, ಎಪ್ಪತ್ತೆರಡು ದಿನ ಇದೆ."

ಅವಳು ದಿನ ಎಣಿಸಿಟ್ಟಿದ್ದಳು.

ದೀಪಶ್ರೀಗೆ ತಾನು ಕಲಿತದ್ದನ್ನೆಲ್ಲ ಹೇಗೆ ಹೇಳಬೇಕೆಂದು ತೋಚಲಿಲ್ಲ. ಸರಳವಾಗಿ ಹೇಳಿದಳು. ದೇಹವನ್ನು ಕಾಯಬೇಕಾದ ಶಕ್ತಿಯೇ ತಿರುಗಿ ನಿಂತು ಸ್ವಂತ ಕಿಡ್ನಿಯನ್ನು ಸುಡುತ್ತಿರಬಹುದು, ಈ ವಯಸ್ಸಿನ ಹೆಂಗಸರಲ್ಲಿ ಅದು ಬರುವುದುಂಟು. ಯಾವುದೆಂದು ಖಚಿತವಾಗಿ ಹೇಳುವುದು ಡಾಕ್ಟರ ಕೆಲಸ. ಔಷಧಿ ಇದೆ. ಆದರೆ ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ, ಇನ್ನೂ ಉಳಿದಿರುವುದನ್ನಷ್ಟೇ ಔಷಧಿ ಕಾಪಾಡುತ್ತದೆ.

"ಎಪ್ಪತ್ತೆರಡು ದಿನ ಕಾದ್ರೆ?" ಎಂದು ಮುಸರ್ರತ್ ಕೇಳಿದಳು.

"ಕಾಯೋ ಹಾಗಿಲ್ಲ."

"ಒಂದು ವಾರ?"

"ಇವತ್ತು ಮುಸರ್ರತ್ ಅವರೇ. ಈಗ."

ಅವಳು ಗಂಡನ ಕಡೆ ನೋಡಿದಳು. ಅವಳ ಕಣ್ಣಲ್ಲಿ ಕಾಯಿಲೆಯ ಭಯಕ್ಕಿಂತ ಹೆಚ್ಚಾಗಿ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಸಂಕೋಚವಿತ್ತು. "ಅವ್ರಿಗೆಲ್ಲ ಏನು ಹೇಳ್ತೀರಿ? ಚೌಡಮ್ಮ ಆ ದುಡ್ಡಲ್ಲಿ ಮಗಳಿಗೆ ಓಲೆ ತಗೋತೀನಿ ಅಂತಿದ್ಲು. ನಾನೊಬ್ಳೇ ಅಲ್ಲ ಜೀ, ಎಲ್ರೂ ಕಾಯ್ತಿದಾರೆ."

ಕೊನೆಯ ಮಾತು ದೀಪಶ್ರೀಯ ಕಿವಿಗೆ ಬಿತ್ತು. ಬಹುಮಾನಕ್ಕೆ ಕಾಯುತ್ತಿದ್ದಾರೆ ಎಂದು ಅವಳು ಅರ್ಥ ಮಾಡಿಕೊಂಡಳು.

ಮುಸ್ತಕೀಮ್ ಮೊಬೈಲ್ ತೆಗೆದು ಶಿವಯೋಗಪ್ಪನಿಗೆ ಹಚ್ಚಿದ. ಸ್ಪೀಕರಿನಲ್ಲಿ ಕಾರ್ಖಾನೆಯ ಸದ್ದು ಕೇಳಿಸಿತು.

"ಅಣ್ಣ, ಶನಿವಾರ ನಾನು ತಂದಿದ್ದು ನಂದಲ್ಲ. ನಾನೂ ನಿಮ್ಮ ಥರಾನೇ, ಕದ್ದು ಹಾಕ್ತೀನಿ. ಅದು ನಮ್ಮನೆಯವಳದ್ದು. ಕಿಡ್ನಿ ಅವಳಿಗೇ. ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತಿದೀನಿ. ಕ್ಲೇಮ್ ಹಾಕ್ತೀನಿ. ಹಲಗೆ ಮೇಲೆ ನಮ್ದು ಇವತ್ತಿಗೆ ಮುಗೀತು."

ಶಿವಯೋಗಪ್ಪ ಕೇಳಿದ. "ತಂಗಿಗೆ ಎಷ್ಟು ದಿನದಿಂದ?"

"ನಾಲ್ಕು ತಿಂಗಳು."

"ಯಾಕೆ ಬಾಯಿ ಬಿಡ್ಲಿಲ್ಲ ಅವಳು?"

"ನಿಮಗೋಸ್ಕರ," ಎಂದ ಮುಸ್ತಕೀಮ್. ಅದರಲ್ಲಿ ಕೋಪವಿತ್ತೋ ಇಲ್ಲವೋ ದೀಪಶ್ರೀಗೆ ತಿಳಿಯಲಿಲ್ಲ. ಫೋನ್ ಕಟ್ಟಾಯಿತು.

ಆಟೋದಲ್ಲಿ ಶಿವಮೊಗ್ಗದ ಕಿಡ್ನಿ ಆಸ್ಪತ್ರೆಗೆ ಬಂದಾಗ ಹನ್ನೆರಡೂವರೆ. ರಕ್ತ ತೆಗೆದರು. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್, ಹೆಂಗಸರಲ್ಲಿ ಒಂದರ ಆಸುಪಾಸು ಇರಬೇಕಾದದ್ದು, ಎರಡು ಪಾಯಿಂಟ್ ಎಂಟು ಇತ್ತು. ಡಾಕ್ಟರು ಕಾಗದವನ್ನು ಎರಡು ಸಲ ಓದಿ, ಮುಸರ್ರತ್‌ಳ ಕೆನ್ನೆಯ ಕೆಂಪನ್ನು ಬೆಳಕಿಗೆ ತಿರುಗಿಸಿ ನೋಡಿ, ಆಗಲೇ ಅಡ್ಮಿಟ್ ಬರೆದರು. ಮರುದಿನ ಕಿಡ್ನಿಯ ಚೂರು ತೆಗೆದು ಪರೀಕ್ಷೆ.

ಹೊರಗೆ ಬಂದು ದೀಪಶ್ರೀಗೂ ಮುಸ್ತಕೀಮನಿಗೂ ಅವರು ಹೇಳಿದರು. "ಅರ್ಧಕ್ಕಿಂತ ಹೆಚ್ಚು ಹೋಗಿರೋ ಹಾಗಿದೆ. ಉಳಿದದ್ದನ್ನ ಹಿಡ್ಕೊಳ್ಳೋಕೆ ಆಗಬಹುದು ಅನ್ಸುತ್ತೆ. ಇವತ್ತೇ ಸ್ಟೀರಾಯ್ಡ್ ಶುರು ಮಾಡ್ತೀವಿ. ಮಾರ್ಚ್ ಕೊನೆಗೆ ಬಂದಿದ್ರೆ ನೇರ ಡಯಾಲಿಸಿಸ್ ಮಿಷಿನ್ನಿಗೇ ಹಾಕ್ಬೇಕಾಗ್ತಿತ್ತೇನೋ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ಊತ ಇಟ್ಕೊಂಡು ಯಾಕೆ ಕೂತಿದ್ರು? ದುಡ್ಡಿನ ತೊಂದ್ರೇನಾ? ಇನ್ಶೂರೆನ್ಸ್ ಇಲ್ವಾ?"

"ಇದೆ," ಎಂದ ಮುಸ್ತಕೀಮ್. "ಕಂಪನಿ ಕೊಟ್ಟಿದೆ."

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಇನ್ನೊಂದು ವಾರ್ಡಿಗೆ ಹೋದರು.

ಮುಸ್ತಕೀಮ್ ವಿಮೆಯ ಕೌಂಟರಿನಲ್ಲಿ ಅರ್ಜಿ ತುಂಬಿಸಿ ಸಹಿ ಹಾಕಿದ. ದೀಪಶ್ರೀ ಕಾರಿಡಾರಿನ ಬೆಂಚಿನಲ್ಲಿ ಕೂತು ಮನೋಹರನಿಗೆ ಮೆಸೇಜು ಬರೆದಳು. ಹದಿನಾಲ್ಕೂ ಮಾದರಿ ಆಯಾ ವ್ಯಕ್ತಿಗಳದ್ದಲ್ಲ, ಹೊಸದಾಗಿ ತೆಗೆಯಬೇಕು, ಹಳೆಯದರ ಮೇಲೆ ತಾನು ಯಾವ ಫಲಿತಾಂಶಕ್ಕೂ ಸಹಿ ಹಾಕುವುದಿಲ್ಲ. ಒಬ್ಬ ನೌಕರನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ. ಕಳಿಸುವ ಮುಂಚೆ ಇನ್ನೊಂದು ಸಾಲು ಸೇರಿಸಿದಳು. "ನಿಮ್ಮ ಇನ್ನೂರ ತೊಂಬತ್ತಮೂರು ದಿನಗಳಲ್ಲಿ ಆ ಮನೆಗಳಲ್ಲಿ ಎಲ್ಲರೂ ಆರೋಗ್ಯವಾಗಿದ್ದರು ಎಂದು ಅರ್ಥವಲ್ಲ."

ಮನೋಹರ ಓದಿದ ಗುರುತು ಬಂತು. ಐದು ನಿಮಿಷದ ಮೇಲೆ ಅವನೇ ಫೋನ್ ಮಾಡಿದ. "ನಾನು ಜನ ಚೆನ್ನಾಗಿರಲಿ ಅಂತ ಮಾಡಿದ್ದು ಮೇಡಂ," ಎಂದ. "ಆ ಹಲಗೆ ನೋಡಿ ದಿನಾ ಖುಷಿ ಪಡ್ತಿದ್ದೆ."

ಅವಳಿಗೆ ಅವನನ್ನು ಸಮಾಧಾನ ಮಾಡುವ ಮನಸ್ಸಾಗಲಿಲ್ಲ, ಬೈಯುವ ಮನಸ್ಸೂ ಆಗಲಿಲ್ಲ.

ನಾಲ್ಕು ಗಂಟೆಗೆ ಹೊರಡಲು ಎದ್ದಾಗ ಆಸ್ಪತ್ರೆಯ ಮೆಟ್ಟಿಲ ಬಳಿ ಶಿವಯೋಗಪ್ಪ ಕಾಣಿಸಿದ. ಕೆಲಸದ ಬಟ್ಟೆಯಲ್ಲೇ ಇದ್ದ, ತೋಳಿನ ಮೇಲೆ ಕಪ್ಪು ಮರಳು ಹಾಗೇ ಅಂಟಿತ್ತು. ಪಕ್ಕದಲ್ಲಿ ಅವನ ಹೆಂಡತಿ, ಮಾಸಿದ ಹಸಿರು ಸೀರೆ, ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಎರಡನೇ ಮಹಡಿ," ಎಂದಳು ದೀಪಶ್ರೀ. "ಮುಸರ್ರತ್ ಎಚ್ಚರ ಇದಾರೆ. ಹೋಗಿ ಮಾತಾಡಿಸಿ."

"ಹೋಗ್ತೀವಿ ಮೇಡಂ." ಶಿವಯೋಗಪ್ಪ ಮೆಟ್ಟಿಲು ಹತ್ತಲಿಲ್ಲ. "ಮೊದಲು ನಿಮ್ಮತ್ರ ಒಂದು ಮಾತು. ಫೋನ್ ಬಂದ ತಕ್ಷಣ ನಾನು ಮನೆಗೆ ಹೋದೆ. ತಂಗಿ ವಿಷಯ ಇವಳಿಗೆ ಹೇಳ್ದೆ. ಕೇಳಿ ಇವಳು ಒಲೆ ಆರಿಸಿ ಕೂತ್ಬಿಟ್ಲು." ಅವನು ಹೆಂಡತಿಯ ಕಡೆ ನೋಡಿದ. "ಪುಷ್ಪಾ, ನೀನೇ ಹೇಳು."

ಪುಷ್ಪಮ್ಮ ತಲೆ ಎತ್ತಲಿಲ್ಲ. "ಇಲ್ಲೊಂದು ಗಂಟು ಐತಿ," ಎಂದಳು, ಸೆರಗು ಹಿಡಿದ ಕೈಯನ್ನು ಸ್ವಲ್ಪ ಒತ್ತಿ. "ಎಡಗಡೆ. ಗೌರಿ ಹಬ್ಬದಾಗ ನಿಂಬೆಕಾಯಷ್ಟಿತ್ತು."

"ಈಗ?"

ಅವಳು ಸೆರಗನ್ನು ಇನ್ನಷ್ಟು ಬಿಗಿ ಹಿಡಿದಳು. ಬೆಳಿಗ್ಗೆ ಮರಳಿನ ರಾಶಿಯ ಪಕ್ಕ ಹದಿಮೂರು ಜನರ ಪರವಾಗಿ ಮಾತಾಡಿದ ಶಿವಯೋಗಪ್ಪ ಈಗ ಒಂದೊಂದು ಪದವನ್ನೂ ಹುಡುಕಿ ತೆಗೆಯುತ್ತಿದ್ದ. "ಹೆಂಗಸ್ರೆಲ್ಲ ತಮ್ಮತಮ್ಮಲ್ಲೇ ಮಾತಾಡ್ಕೊಂಡಿದ್ರಂತೆ ಮೇಡಂ. ಮಾರ್ಚ್ ಕಳೀಲಿ, ಆಮೇಲೆ ಒಟ್ಟಿಗೇ ಹೋಗೋಣ ಅಂತ. ಯಾರ್ಯಾರಿಗೆ ಏನೇನಿದೆ ಅಂತ ಅವ್ರಿಗೆಲ್ಲ ಗೊತ್ತಿತ್ತಂತೆ. ನಮಗೆ ಮಾತ್ರ ಗೊತ್ತಿರ್ಲಿಲ್ಲ."

ಎಲ್ರೂ ಕಾಯ್ತಿದಾರೆ ಎಂದು ಮುಸರ್ರತ್ ಹೇಳಿದ್ದು ಬಹುಮಾನದ ವಿಷಯವಲ್ಲ ಎಂಬುದು ದೀಪಶ್ರೀಗೆ ಈಗ ಹೊಳೆಯಿತು. ಮೆಟ್ಟಿಲಿನ ಕಂಬಿಯನ್ನು ಹಿಡಿದುಕೊಂಡಳು. ಅದು ಬಿಸಿಲಿಗೆ ಕಾದಿತ್ತು, ಆದರೂ ಕೈ ತೆಗೆಯಲಿಲ್ಲ. ನಂತರ ಕೆಳಗಿಳಿದು ಪುಷ್ಪಮ್ಮನ ಮೊಣಕೈ ಹಿಡಿದು, ರಸ್ತೆಯಾಚೆಯ ಸರ್ಜನ್ನರ ಕ್ಲಿನಿಕ್ಕಿನ ಕಡೆ ನಡೆಸತೊಡಗಿದಳು.

"ಶಿವಯೋಗಪ್ಪನೋರೇ," ಎಂದಳು ಹಿಂತಿರುಗಿ ನೋಡದೆ. "ಉಳಿದ ಹನ್ನೆರಡು ಮನೆಗೂ ಫೋನ್ ಮಾಡಿ. ಗಂಡಸರ ಹತ್ರ ಕೇಳಬೇಡಿ, ಫೋನ್ ಅವರ ಹೆಂಗಸರ ಕೈಗೆ ಕೊಡಿಸಿ."